ಬಂದೂಕು ಹಿಡಿದವನಿಗೆ ವಕಾಲತ್ತು ಕೊಟ್ಟವರು ಯಾರು?

ಕೋರ್ಟಿನಲ್ಲಿ ಒಬ್ಬರು ನಿಮ್ಮ ಪರವಾಗಿ ಎದ್ದು ನಿಲ್ಲಬೇಕಾದರೆ ವಕಾಲತ್ತಿಗೆ ನಿಮ್ಮ ರುಜು ಬೇಕು. ಎಷ್ಟೇ ಗಟ್ಟಿ ಗಂಟಲಿನ ವಕೀಲರಾಗಲಿ, ರುಜು ಇಲ್ಲದಿದ್ದರೆ ನ್ಯಾಯಾಧೀಶರು ಕೇಳುವುದಿಲ್ಲ. ವಕೀಲ, ವಕಾಲತ್ತು ಎರಡೂ ಅರಬ್ಬಿಯಿಂದ ಫಾರ್ಸಿ ಹಾದಿಯಲ್ಲಿ ನಮ್ಮ ಕಚೇರಿಗಳಿಗೆ ಬಂದ ಮಾತುಗಳು. ಇವತ್ತಿನ ಪ್ರಶ್ನೆಯನ್ನು ಈ ಮಾತಿನಿಂದಲೇ ಕೇಳೋಣ. ಬಾಂಬು ಕಟ್ಟಿಕೊಂಡು ಬಂದವನು, ‘ನಾನು ಇಸ್ಲಾಮಿನ ಪರ’ ಎನ್ನುತ್ತಾನೆ. ಅವನ ಕೈಯಲ್ಲಿರುವ ವಕಾಲತ್ತಿಗೆ ಯಾರ ರುಜು ಇದೆ?

ಇದಕ್ಕೆ ಎರಡು ಸಿದ್ಧ ಉತ್ತರಗಳು ಓಡಾಡುತ್ತಿವೆ. ‘ಇದೇ ನಿಜವಾದ ಇಸ್ಲಾಂ, ಉಳಿದವರು ಬಾಯಿ ಮುಚ್ಚಿಕೊಂಡಿದ್ದಾರೆ ಅಷ್ಟೆ’ ಎನ್ನುವುದು ಒಂದು. ‘ಇದಕ್ಕೂ ಇಸ್ಲಾಮಿಗೂ ಸಂಬಂಧವೇ ಇಲ್ಲ’ ಎನ್ನುವುದು ಇನ್ನೊಂದು. ಎರಡನೆಯದರಲ್ಲಿ ಒಳ್ಳೆಯ ಮನಸ್ಸಿದೆ, ಆದರೆ ಅದೂ ಪೂರ್ತಿ ಸರಿಯಲ್ಲ. ಈ ಗುಂಪುಗಳು ಕುರ್‌ಆನಿನ ವಾಕ್ಯಗಳನ್ನು, ಪ್ರವಾದಿಯವರ ನುಡಿ ನಡೆಗಳ ದಾಖಲೆಯಾದ ಹದೀಸನ್ನು, ಹಳೆಯ ಪಂಡಿತರ ಹೆಸರನ್ನು ಬಳಸುತ್ತವೆ. ಬಳಸುವುದಿಲ್ಲ ಎಂದರೆ ಎದುರಿಗಿರುವವರು ಪುಟ ತೆರೆದು ತೋರಿಸುತ್ತಾರೆ, ನೀವು ಪೆಚ್ಚಾಗುತ್ತೀರಿ. ಹಾಗಾಗಿ ನೋಡಬೇಕಾದದ್ದು ಹೇಗೆ ಬಳಸುತ್ತಾರೆ ಎಂಬುದನ್ನು. ಆ ಧರ್ಮದೊಳಗೇ ಇದಕ್ಕೊಂದು ಕ್ರಮವಿದೆಯೇ, ಇದ್ದರೆ ಇವರು ಅದನ್ನು ಪಾಲಿಸಿದರೇ?

ಕ್ರಮವಿದೆ. ಸುನ್ನಿ ಇಸ್ಲಾಮಿನಲ್ಲಿ ಪೋಪ್ ಇಲ್ಲ, ಮಠಾಧಿಪತಿ ಇಲ್ಲ, ಇಡೀ ಲೋಕಕ್ಕೆ ಒಂದೇ ಪೀಠವೂ ಇಲ್ಲ. ಇದು ಬಲವೂ ಹೌದು, ತೊಡಕೂ ಹೌದು. ಪೀಠವಿಲ್ಲದ ಕಡೆ ಯಾರು ಬೇಕಾದರೂ ಎದ್ದು ಕೂಗಬಹುದು. ಕೂಗಿದ್ದೆಲ್ಲ ಫತ್ವಾ ಆಗುವುದಿಲ್ಲ ಎಂಬುದಕ್ಕೆ ಫತ್ವಾ ಕೊಡುವ ಕಚೇರಿಯಾದ ಒಂದು ದಾರುಲ್ ಇಫ್ತಾದ ಮೇಜಿನ ಮೇಲೆ ಏನು ನಡೆಯುತ್ತದೆ ನೋಡಿ. ಮೊದಲು ಪ್ರಶ್ನೆ ಬರಬೇಕು, ಸಾಮಾನ್ಯವಾಗಿ ಬರಹದಲ್ಲಿ. ‘ನನ್ನ ಗಂಡ ಹೀಗೆಂದ, ತಲಾಖ್ ಆಯಿತೇ?’ ‘ಈ ಬಗೆಯ ಚೀಟಿ ವ್ಯವಹಾರ ಸರಿಯೇ?’ ಹೆಚ್ಚಿನವು ಇಂಥವೇ. ಪ್ರಶ್ನೆಗೆ ಸಂಖ್ಯೆ ಬೀಳುತ್ತದೆ. ಉತ್ತರಿಸುವವರು ಮುಫ್ತಿ. ನಮ್ಮ ದೇಶದ ಮದರಸಾಗಳಲ್ಲಿ ನಡೆಯುವ ದರ್ಸೆ ನಿಜಾಮಿ ಎಂಬ ಪಠ್ಯಕ್ರಮ ಸುಮಾರು ಎಂಟು ವರ್ಷದ್ದು. ಅದನ್ನು ಮುಗಿಸಿದವರು ಆಲಿಂ, ಅಂದರೆ ಧರ್ಮಪಂಡಿತರು. ಫತ್ವಾ ಕೊಡಬೇಕಾದರೆ ಅದರ ಮೇಲೆ ಇಫ್ತಾ ಎಂಬ ಬೇರೆ ತರಬೇತಿ ಪಡೆಯಬೇಕು. ಹಳೆಯ ತೀರ್ಪುಗಳನ್ನು ಹುಡುಕುವುದು, ಹಿರಿಯರ ಕೈಕೆಳಗೆ ಕರಡು ಬರೆಯುವುದು, ತಿದ್ದಿಸಿಕೊಳ್ಳುವುದು, ಮತ್ತೆ ಬರೆಯುವುದು. ಸಿದ್ಧವಾದ ಉತ್ತರದ ಕೊನೆಗೆ ‘ವಲ್ಲಾಹು ಅಅ್‌ಲಂ’ ಎಂದು ಬರೆಯುತ್ತಾರೆ, ಅಲ್ಲಾಹನೇ ಹೆಚ್ಚು ಬಲ್ಲ ಎಂದು. ಕೆಳಗೆ ಇನ್ನಿಬ್ಬರು ಮೂವರು ಮುಫ್ತಿಗಳು ‘ಅಲ್ ಜವಾಬ್ ಸಹೀಹ್’, ಉತ್ತರ ಸರಿಯಿದೆ, ಎಂದು ಸಹಿ ಹಾಕಿ ಮೊಹರು ಒತ್ತುತ್ತಾರೆ. ಇಷ್ಟಾದ ಮೇಲೂ ಅದೊಂದು ಅಭಿಪ್ರಾಯ. ಕೇಳಿದವನು ಇನ್ನೊಬ್ಬ ಮುಫ್ತಿಯನ್ನು ಕೇಳಬಹುದು. ನಮ್ಮ ಟಿವಿಯಲ್ಲಿ ‘ಫತ್ವಾ ಹೊರಡಿಸಿದರು’ ಎಂದಾಗ ಗಲ್ಲುಶಿಕ್ಷೆಯ ಆದೇಶ ಎಂದು ಕೇಳಿಸುತ್ತದಲ್ಲ, ಆ ಮಾತಿನ ದುರ್ಗತಿಗೆ ಅರ್ಧ ಕಾರಣ ನಮ್ಮ ಸುದ್ದಿಮನೆಗಳೇ.

ಈಗ 1998ರ ಫೆಬ್ರವರಿ 23ರ ಕಾಗದವನ್ನು ಇದರ ಪಕ್ಕಕ್ಕಿಡಿ. ಲಂಡನ್ನಿನಿಂದ ಹೊರಡುತ್ತಿದ್ದ ಅರಬ್ಬಿ ಪತ್ರಿಕೆ ಅಲ್ ಕುದ್ಸ್ ಅಲ್ ಅರಬಿಯಲ್ಲಿ ಅಚ್ಚಾಯಿತು. ಅಮೆರಿಕನ್ನರನ್ನೂ ಅವರ ಮಿತ್ರರನ್ನೂ, ಸೈನಿಕರಿರಲಿ ನಾಗರಿಕರಿರಲಿ, ಕೊಲ್ಲುವುದು ಪ್ರತಿ ಮುಸ್ಲಿಮನ ವೈಯಕ್ತಿಕ ಕರ್ತವ್ಯ ಎಂದು ಅದರಲ್ಲಿತ್ತು. ಸಹಿ ಐವರದು. ಮೊದಲನೆಯವ ಒಸಾಮಾ ಬಿನ್ ಲಾಡೆನ್. ಫತ್ವಾ ಕೊಡುವ ಓದು ಅವನದಲ್ಲ. ಎರಡನೆಯವ ಐಮನ್ ಅಲ್ ಜವಾಹಿರಿ, ಈಜಿಪ್ಟಿನ ಶಸ್ತ್ರಚಿಕಿತ್ಸಕ. ಪ್ರಶ್ನೆ ಕೇಳಿದವರಿಲ್ಲ, ‘ಉತ್ತರ ಸರಿಯಿದೆ’ ಎಂದು ಮೊಹರು ಒತ್ತಿದ ಪೀಠವಿಲ್ಲ.

ಆದರೆ ಅದರ ದೊಡ್ಡ ತಪ್ಪು ಸಹಿಗಿಂತ ಒಳಗಿದೆ. ಇಸ್ಲಾಮಿ ಕಾನೂನಿನಲ್ಲಿ ಕರ್ತವ್ಯ ಎರಡು ಬಗೆ. ದಿನದ ಐದು ನಮಾಜು, ರಂಜಾನಿನ ಉಪವಾಸ ಇವು ಫರ್ಜ್ ಐನ್. ನಿಮ್ಮ ಪರವಾಗಿ ಪಕ್ಕದ ಮನೆಯವರು ಮಾಡಲಾಗದು. ಸತ್ತವರಿಗೆ ಮಾಡುವ ಜನಾಜಾ ನಮಾಜು ಫರ್ಜ್ ಕಿಫಾಯಾ. ಊರಿನ ಕೆಲವರು ಮಾಡಿದರೆ ಊರಿಗೆಲ್ಲ ಸಂದಂತೆ. ಯುದ್ಧವನ್ನು ಹಳೆಯ ನ್ಯಾಯಪಂಡಿತರು ಎರಡನೆಯ ಸಾಲಿಗೆ ಸೇರಿಸಿ, ಅದನ್ನು ಸಾರುವ ಅಧಿಕಾರವನ್ನು ಆಳುವವನ ಕೈಯಲ್ಲಿಟ್ಟರು. ಶತ್ರು ಊರ ಬಾಗಿಲಿಗೇ ಬಂದರೆ ಮಾತ್ರ ಅದು ಎಲ್ಲರ ಮೈಮೇಲೂ ಬೀಳುತ್ತದೆ. ಬಿನ್ ಲಾಡೆನ್ ಆ ಅಪವಾದವನ್ನೇ ಎಳೆದು ಲೋಕಕ್ಕೆಲ್ಲ ಹಾಸಿದ. ಒಮ್ಮೆ ಇದು ಫರ್ಜ್ ಐನ್ ಎಂದುಬಿಟ್ಟರೆ ಮಗ ಅಪ್ಪ ಅಮ್ಮನ ಅನುಮತಿ ಕೇಳಬೇಕಿಲ್ಲ, ದೊರೆಯ ಅಪ್ಪಣೆ ಬೇಕಿಲ್ಲ, ಮಸೀದಿಯ ಇಮಾಮರ ಮಾತೂ ಬೇಕಿಲ್ಲ. ಹುಡುಗನನ್ನು ಮನೆಯಿಂದ ಬಿಡಿಸಿಕೊಳ್ಳುವ ಕೀಲಿ ಅದು. ಜೊತೆಗೆ ನಾಗರಿಕರ ಮಾತು. ಹೆಂಗಸರನ್ನೂ ಮಕ್ಕಳನ್ನೂ ಕೊಲ್ಲಬಾರದೆಂದು ಪ್ರವಾದಿಯವರು ತಡೆದದ್ದು ಬುಖಾರಿ, ಮುಸ್ಲಿಂ ಎರಡೂ ಹದೀಸ್ ಸಂಗ್ರಹಗಳಲ್ಲಿದೆ. ಸಿರಿಯಾಕ್ಕೆ ದಂಡು ಕಳಿಸುವಾಗ ಮೊದಲ ಖಲೀಫ ಅಬೂಬಕರ್ ಹೇಳಿದ ಹತ್ತು ಮಾತುಗಳು ಇಮಾಂ ಮಾಲಿಕರ ಸಂಗ್ರಹದಲ್ಲಿವೆ. ಮುದುಕರನ್ನು ಕೊಲ್ಲಬೇಡಿ, ಹಣ್ಣಿನ ಮರ ಕಡಿಯಬೇಡಿ, ಊಟಕ್ಕಲ್ಲದೆ ಕುರಿ ಒಂಟೆ ಕೊಯ್ಯಬೇಡಿ. ಜೇನುಹುಳದ ಮಾತೂ ಅದರಲ್ಲಿದೆ.

ಇನ್ನೊಂದು ಉದಾಹರಣೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಓಲೆಗರಿ ಶಾಸನ ಓದುವ ಅಭ್ಯಾಸವಿರುವವರಿಗೆ ರುಚಿಸುತ್ತದೆ. ಈಗಿನ ಟರ್ಕಿಯ ಆಗ್ನೇಯಕ್ಕೆ ಮಾರ್ದಿನ್ ಎಂಬ ಬೆಟ್ಟದ ಊರಿದೆ. ಸುಮಾರು 700 ವರ್ಷಗಳ ಹಿಂದೆ ಅದು ಮಂಗೋಲರ ಹಿಡಿತದಲ್ಲಿತ್ತು, ಜನ ಮುಸ್ಲಿಮರು. ಇದು ಶಾಂತಿಯ ನಾಡೋ ಯುದ್ಧದ ನಾಡೋ ಎಂದು ಡಮಾಸ್ಕಸಿನ ಪಂಡಿತ ಇಬ್ನ್ ತೈಮಿಯಾರನ್ನು ಕೇಳಿದರು. ಅವರು 1328ರಲ್ಲಿ ತೀರಿಕೊಂಡವರು. ಇಂದಿನ ಉಗ್ರರ ಬಾಯಲ್ಲಿ ಅವರ ಹೆಸರು ಸದಾ ಇರುತ್ತದೆ. ಅವರ ಉತ್ತರ: ಎರಡೂ ಅಲ್ಲ, ಇದು ಮಿಶ್ರ ಬಗೆಯ ಮೂರನೆಯದು, ಅಲ್ಲಿನ ಮುಸ್ಲಿಮನನ್ನು ಅವನಿಗೆ ತಕ್ಕಂತೆ ನಡೆಸಿಕೊಳ್ಳಬೇಕು, ಧರ್ಮಶಾಸ್ತ್ರದಿಂದ ಹೊರಗೆ ನಡೆದವನನ್ನು ಅವನಿಗೆ ತಕ್ಕಂತೆ ನಡೆಸಿಕೊಳ್ಳಬೇಕು. ‘ನಡೆಸಿಕೊಳ್ಳಬೇಕು’ ಎಂಬಲ್ಲಿರುವ ಅರಬ್ಬಿ ಶಬ್ದ ಯುಆಮಲ್. 1909ರ ಅಚ್ಚಿನಲ್ಲಿ ಎರಡನೆಯ ಕಡೆ ಅದು ಯುಕಾತಲ್ ಎಂದಾಯಿತು, ‘ಅವನ ಮೇಲೆ ಯುದ್ಧ ಮಾಡಬೇಕು’ ಎಂದು. ಬರವಣಿಗೆಯಲ್ಲಿ ಎರಡಕ್ಕೂ ಐದೈದು ಅಕ್ಷರ. ಒಂದನೆಯದು, ಮೂರನೆಯದು, ಐದನೆಯದು ಒಂದೇ. ಐನ್ ಇದ್ದಲ್ಲಿ ಕಾಫ್, ಮೀಮ್ ಇದ್ದಲ್ಲಿ ತಾ ಬಂದು ಕೂತಿತು, ಅಷ್ಟೇ.

ಈಜಿಪ್ಟಿನಲ್ಲಿ ಅಬ್ದುಸ್ಸಲಾಂ ಫರಜ್ ಎಂಬ ಎಂಜಿನಿಯರ್ ಒಂದು ಕಿರುಹೊತ್ತಿಗೆ ಬರೆದು, ತನ್ನ ನಾಡಿನ ಮುಸ್ಲಿಂ ದೊರೆಗಳ ಮೇಲೇ ಕತ್ತಿ ಎತ್ತಬೇಕೆಂದು ವಾದಿಸುವಾಗ ಈ ಮಾರ್ದಿನ್ ಫತ್ವಾವನ್ನು ಊರುಗೋಲು ಮಾಡಿಕೊಂಡ. 1981ರ ಅಕ್ಟೋಬರ್ 6ರಂದು ಅವನ ಗುಂಪು ಅಧ್ಯಕ್ಷ ಅನ್ವರ್ ಸಾದಾತ್ ಅವರನ್ನು ಕೊಂದಿತು. ಆಗಿನ ಈಜಿಪ್ಟಿನ ಮಹಾಮುಫ್ತಿ ಜಾದ್ ಅಲ್ ಹಕ್ ಆ ಹೊತ್ತಿಗೆಗೆ ಸಾಲು ಸಾಲಾಗಿ ಖಂಡನೆ ಬರೆದರು. ಹಸ್ತಪ್ರತಿಯನ್ನು ಡಮಾಸ್ಕಸಿನ ಜಾಹಿರಿಯಾ ಗ್ರಂಥಾಲಯದಲ್ಲಿ ತೆಗೆದು ನೋಡಿದರೆ ಅಲ್ಲಿರುವುದು ಯುಆಮಲ್. ಇಬ್ನ್ ತೈಮಿಯಾರ ಶಿಷ್ಯ ಇಬ್ನ್ ಮುಫ್ಲಿಹ್ ಉದ್ಧರಿಸಿದ್ದೂ ಹಾಗೆಯೇ. 2010ರ ಮಾರ್ಚಿನಲ್ಲಿ ಅದೇ ಮಾರ್ದಿನ್ ಊರಿನಲ್ಲಿ, ಮಾರಿಟೇನಿಯಾದ ಪಂಡಿತ ಅಬ್ದುಲ್ಲಾ ಬಿನ್ ಬಯ್ಯಾ ಮುಂತಾದವರು ಸಭೆ ಸೇರಿ ಈ ಪಾಠವನ್ನು ಬಹಿರಂಗವಾಗಿ ತಿದ್ದಿದರು. ಒಂದು ಅಚ್ಚಿನ ತಪ್ಪಿನಿಂದ ಭಯೋತ್ಪಾದನೆ ಹುಟ್ಟಿತು ಎಂದು ಹೇಳಿದರೆ ನಗೆಪಾಟಲು. ಫರಜ್‌ಗೆ ಸರಿಯಾದ ಪಾಠ ಸಿಕ್ಕಿದ್ದರೂ ಬೇರೇನೋ ಹುಡುಕಿಕೊಳ್ಳುತ್ತಿದ್ದ. ಆದರೆ ಮನುಷ್ಯರ ಜೀವ ತೆಗೆಯುವ ತೀರ್ಮಾನಕ್ಕೆ ಆಧಾರ ಮಾಡಿಕೊಂಡ ಸಾಲನ್ನು ಮೂಲದೊಡನೆ ತಾಳೆ ನೋಡುವ ತಾಳ್ಮೆ ಅವನಿಗಿರಲಿಲ್ಲ ಎಂಬುದನ್ನು ಗಮನಿಸಿ. ಮುಫ್ತಿಯ ತರಬೇತಿ ಎಂದರೆ ಬಹುಪಾಲು ಆ ತಾಳ್ಮೆಯೇ.

ನಿಮ್ಮ ಫೋನಿಗೂ ಹೀಗೆ ತುಂಡು ಸಾಲುಗಳು ಬರುತ್ತವೆ. ಹೆಚ್ಚಾಗಿ ಬರುವುದು ಕುರ್‌ಆನಿನ 9ನೇ ಅಧ್ಯಾಯದ 5ನೇ ವಾಕ್ಯ: ಬಹುದೇವಾರಾಧಕರನ್ನು ಕಂಡಲ್ಲಿ ಕೊಲ್ಲಿರಿ. ಉಗ್ರರು ಕಳಿಸುವುದೂ ಅದನ್ನೇ, ಇಸ್ಲಾಮನ್ನು ಬಯ್ಯುವವರು ಕಳಿಸುವುದೂ ಅದನ್ನೇ. ಈ ಒಂದು ವಿಷಯದಲ್ಲಿ ಇಬ್ಬರೂ ಒಂದೇ ಪಾಠಶಾಲೆಯವರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನಬೇಡಿ. ಕನ್ನಡದಲ್ಲಿ ಕುರ್‌ಆನ್ ಅನುವಾದಗಳಿವೆ, ತೆಗೆದು 9ನೇ ಅಧ್ಯಾಯದ 1ರಿಂದ 13ರವರೆಗೆ ಒಟ್ಟಿಗೆ ಓದಿ. ಪ್ರಸಂಗ ಒಪ್ಪಂದ ಮುರಿದ ಮಕ್ಕಾ ಕಡೆಯ ಬುಡಕಟ್ಟುಗಳದು. 4ನೆಯದು, ಒಪ್ಪಂದ ಉಳಿಸಿಕೊಂಡವರ ಜೊತೆ ಕೊಟ್ಟ ಮಾತನ್ನು ಅವಧಿ ಮುಗಿಯುವವರೆಗೆ ಪಾಲಿಸಿ ಎನ್ನುತ್ತದೆ. 6ನೆಯದು, ಅದೇ ಬಹುದೇವಾರಾಧಕರಲ್ಲಿ ಒಬ್ಬ ಆಶ್ರಯ ಕೇಳಿದರೆ ಆಶ್ರಯ ಕೊಟ್ಟು, ಅವನನ್ನು ಕ್ಷೇಮದ ಜಾಗಕ್ಕೆ ತಲುಪಿಸಿ ಎನ್ನುತ್ತದೆ. ಕಂಡಲ್ಲಿ ಕೊಲ್ಲಬೇಕಾದವನನ್ನು ಕ್ಷೇಮವಾಗಿ ಕಳಿಸಿಕೊಡುವುದು ಹೇಗೆ? 13ನೆಯದು, ಮೊದಲು ಕೈ ಎತ್ತಿದವರು ಅವರೇ ಎಂದು ಕಾರಣ ಹೇಳುತ್ತದೆ.

ಇಲ್ಲಿ ಪ್ರಾಮಾಣಿಕವಾಗಿ ಒಂದು ಮಾತು ಸೇರಿಸಬೇಕು. ಈ 5ನೇ ವಾಕ್ಯ ಬಂದ ಮೇಲೆ ಶಾಂತಿಯ ನೂರಕ್ಕೂ ಹೆಚ್ಚು ವಾಕ್ಯಗಳು ರದ್ದಾದವು ಎಂದು ವಾದಿಸಿದ ಹಳೆಯ ವ್ಯಾಖ್ಯಾನಕಾರರು ಇದ್ದರು. ಉಗ್ರರು ಅವರನ್ನೇ ಹಿಡಿದುಕೊಳ್ಳುತ್ತಾರೆ. ಆದರೆ ಪರಂಪರೆ ಅಲ್ಲಿ ನಿಲ್ಲಲಿಲ್ಲ. 15ನೇ ಶತಮಾನದ ಕೈರೋದ ಸುಯೂತಿ, ಇಡೀ ಕುರ್‌ಆನಿನಲ್ಲಿ ರದ್ದಾದವು ಸುಮಾರು 20 ಎಂದರು. 18ನೇ ಶತಮಾನದ ನಮ್ಮ ದಿಲ್ಲಿಯ ಶಾ ವಲಿಯುಲ್ಲಾ ಅದನ್ನು ಐದಕ್ಕೆ ಇಳಿಸಿದರು. ಈ ವಾದ ವಿವಾದವನ್ನೆಲ್ಲ ಬಿಟ್ಟು ಒಬ್ಬ ವ್ಯಾಖ್ಯಾನಕಾರನ ಒಂದು ಸಾಲನ್ನು ಕಿತ್ತುಕೊಂಡು ಹೋಗುವುದಕ್ಕೆ ಓದು ಎನ್ನುವುದಿಲ್ಲ.

ಈ ರೋಗ ಹೊಸದಲ್ಲ. 657ರಲ್ಲಿ ಸಿಫ್ಫೀನ್ ಯುದ್ಧದಲ್ಲಿ ನಾಲ್ಕನೆಯ ಖಲೀಫ ಹಜರತ್ ಅಲಿ ಸಂಧಾನಕ್ಕೆ ಒಪ್ಪಿದಾಗ ಅವರ ದಂಡಿನಿಂದಲೇ ಒಂದು ಗುಂಪು ಸಿಡಿದು ಹೋಯಿತು. ಅವರೇ ಖವಾರಿಜ್, ಹೊರಹೋದವರು. ‘ತೀರ್ಪು ಅಲ್ಲಾಹನದೊಂದೇ’ ಎಂಬುದು ಅವರ ಘೋಷಣೆ. ಅಲಿ ಕೊಟ್ಟ ಉತ್ತರವನ್ನು ಮುಸ್ಲಿಮರು ಇಂದಿಗೂ ಹೇಳುತ್ತಾರೆ: ಮಾತು ಸತ್ಯದ್ದು, ಉದ್ದೇಶ ಸುಳ್ಳಿನದು. ಇತಿಹಾಸಕಾರ ತಬರಿ ಒಂದು ಪ್ರಸಂಗ ದಾಖಲಿಸಿದ್ದಾರೆ. ದಾರಿಯಲ್ಲಿ ಈ ಗುಂಪಿನವನೊಬ್ಬ ಮರದಿಂದ ಬಿದ್ದ ಖರ್ಜೂರವೊಂದನ್ನು ಬಾಯಿಗೆ ಹಾಕಿಕೊಂಡ. ‘ಬೆಲೆ ಕೊಡದೆ, ಕೇಳದೆ ತಿನ್ನುತ್ತೀಯಾ?’ ಎಂದು ಜೊತೆಯವನು ಗದರಿದ, ಇವನು ಅದನ್ನು ಉಗುಳಿದ. ಇನ್ನೊಬ್ಬ ಅನ್ಯಧರ್ಮೀಯನೊಬ್ಬನ ಹಂದಿಗೆ ಕತ್ತಿ ಬೀಸಿದ, ಉಳಿದವರು ಹಂದಿಯ ಒಡೆಯನಿಗೆ ಪರಿಹಾರ ಕೊಡಿಸಿದರು. ಅದೇ ದಿನ ಅದೇ ಜನ ಪ್ರವಾದಿಯವರ ಸಂಗಾತಿ ಖಬ್ಬಾಬರ ಮಗ ಅಬ್ದುಲ್ಲಾನನ್ನು ಹೊಳೆಯ ದಂಡೆಯಲ್ಲಿ ಕೊಯ್ದರು, ಅವನ ಬಸುರಿ ಹೆಂಡತಿಯನ್ನೂ ಬಿಡಲಿಲ್ಲ. ಕಾರಣ, ಅಲಿಯ ವಿಷಯದಲ್ಲಿ ಅವರು ಬಯಸಿದ ಉತ್ತರವನ್ನು ಅವನು ಕೊಡಲಿಲ್ಲ. ಕೊನೆಗೆ 661ರಲ್ಲಿ ಕೂಫಾದ ಮಸೀದಿಯಲ್ಲಿ ಅಲಿಯವರಿಗೇ ಇರಿದವನು ಈ ಗುಂಪಿನ ಇಬ್ನ್ ಮುಲ್ಜಮ್.

ಖರ್ಜೂರಕ್ಕೆ ಅಂಜಿದವರು ಕೊಲೆಗೆ ಅಂಜಲಿಲ್ಲ. ಅದು ಸಾಧ್ಯವಾದದ್ದು ತಕ್ಫೀರ್ ಎಂಬ ಒಂದು ಹತಾರಿನಿಂದ. ‘ನೀನು ಮುಸ್ಲಿಮನೇ ಅಲ್ಲ’ ಎಂದು ತೀರ್ಪು ಕೊಟ್ಟುಬಿಡುವುದು. ಹಾಗೆಂದ ಕೂಡಲೇ ಎದುರಿನವನ ಜೀವಕ್ಕಿದ್ದ ರಕ್ಷೆ ಹೋಯಿತು ಎಂಬುದು ಅವರ ಲೆಕ್ಕ. ಐಸಿಸ್‌ನ ಲೆಕ್ಕವೂ ಅದೇ.

ಜನ ಕೇಳುವುದುಂಟು: ಹಾಗಾದರೆ ಪಂಡಿತರು ಐಸಿಸ್‌ನವರನ್ನೇ ಧರ್ಮದಿಂದ ಹೊರಗೆ ಹಾಕಬಹುದಲ್ಲ? 2014ರ ಕೊನೆಯಲ್ಲಿ ಈ ಪ್ರಶ್ನೆ ಕೈರೋದ ಸುನ್ನಿ ವಿದ್ಯಾಪೀಠ ಅಲ್ ಅಜ್‌ಹರ್ ಮುಂದೆ ಬಂತು. ಅವರ ಕೃತ್ಯಗಳನ್ನು ಕಟುವಾಗಿ ಖಂಡಿಸುತ್ತ ಬಂದಿದ್ದ ಆ ಸಂಸ್ಥೆ, ‘ಕಾಫಿರರು’ ಎಂದು ಘೋಷಿಸಲು ಮಾತ್ರ ಒಪ್ಪಲಿಲ್ಲ. ತುಂಬ ಬೈಗುಳ ತಿಂದಿತು. ಆದರೆ ಒಳಗಿನ ತರ್ಕ ನೋಡಿ. ಪಾಪ ಎಷ್ಟೇ ದೊಡ್ಡದಿರಲಿ, ಅದಕ್ಕಾಗಿ ಯಾರನ್ನೂ ಧರ್ಮದಿಂದ ಹೊರಗಿಡುವಂತಿಲ್ಲ ಎಂಬ ನಿಯಮವೇ ಖವಾರಿಜರ ವಿರುದ್ಧ ಕಟ್ಟಿದ ಕೋಟೆ. ಶತ್ರುವಿನ ಮೇಲಿನ ಸಿಟ್ಟಿಗೆ ಆ ಕೋಟೆಯಲ್ಲಿ ನೀವೇ ಕಿಂಡಿ ಕೊರೆದರೆ ನಾಳೆ ಅವನು ಅದರಿಂದಲೇ ನುಗ್ಗುತ್ತಾನೆ. 2005ರ ಜುಲೈನಲ್ಲಿ ಜೋರ್ಡಾನಿನ ಅಮ್ಮಾನಿನಲ್ಲಿ 50 ದೇಶಗಳ ಸುಮಾರು 200 ಪಂಡಿತರು ಸೇರಿ ಸುನ್ನಿ, ಶಿಯಾ, ಇಬಾದಿ ಪಂಥಗಳ ಎಂಟು ನ್ಯಾಯಪರಂಪರೆಗಳನ್ನು ಮಾನ್ಯ ಮಾಡಿ, ಇವರಲ್ಲಿ ಯಾರ ಮೇಲೂ ತಕ್ಫೀರ್ ಸಲ್ಲದು, ಅರ್ಹತೆಯಿಲ್ಲದವರು ಫತ್ವಾ ಕೊಡುವಂತಿಲ್ಲ ಎಂದು ಒಪ್ಪಿದ್ದರ ಹಿಂದೆಯೂ ಇದೇ ಅಂಜಿಕೆ ಇತ್ತು.

ತಕ್ಫೀರಿನ ಕತ್ತಿ ಯಾರ ಕುತ್ತಿಗೆಗೆ ಬೀಳುತ್ತದೆ? ಅಮೆರಿಕದ ರಾಷ್ಟ್ರೀಯ ಭಯೋತ್ಪಾದನಾ ನಿಗ್ರಹ ಕೇಂದ್ರ 2011ರ ವರದಿಯಲ್ಲಿ ಹಿಂದಿನ ಐದು ವರ್ಷಗಳ ಲೆಕ್ಕ ಕೊಟ್ಟಿತು. ಸತ್ತವರ ಧರ್ಮ ತಿಳಿದುಬಂದ ಪ್ರಕರಣಗಳಲ್ಲಿ ನೂರಕ್ಕೆ 82ರಿಂದ 97ರಷ್ಟು ಜನ ಮುಸ್ಲಿಮರು. 2017ರ ಫೆಬ್ರವರಿ 16ರ ಗುರುವಾರ ಸಂಜೆ, ಸಿಂಧ್ ಪ್ರಾಂತದ ಸೆಹ್ವಾನಿನಲ್ಲಿ ಲಾಲ್ ಶಹಬಾಜ್ ಕಲಂದರ್ ದರ್ಗಾದಲ್ಲಿ ಧಮಾಲ್ ಕುಣಿತ ನಡೆಯುತ್ತಿದ್ದಾಗ ಐಸಿಸ್‌ನ ಆತ್ಮಹತ್ಯಾ ದಾಳಿಗೆ 80ಕ್ಕೂ ಹೆಚ್ಚು ಜನ ಸತ್ತರು. ಮಾರನೆಯ ದಿನಗಳಲ್ಲೇ ಅಲ್ಲಿ ಮತ್ತೆ ನಗಾರಿ ಬಾರಿಸಿದರು, ಜನ ಮತ್ತೆ ಕುಣಿದರು. ಅದೇ ವರ್ಷ ನವೆಂಬರ್ 24ರ ಶುಕ್ರವಾರ ಈಜಿಪ್ಟಿನ ಸಿನಾಯ್‌ಯ ರೌದಾ ಮಸೀದಿಯಲ್ಲಿ ನಮಾಜಿಗೆ ನಿಂತ 300ಕ್ಕೂ ಹೆಚ್ಚು ಜನರನ್ನು ಕೊಂದರು. ಅಲ್ಲಿಗೆ ಸೂಫಿಗಳು ಬರುತ್ತಿದ್ದರು. ನಮ್ಮ ಕಲಬುರಗಿಯ ಖಾಜಾ ಬಂದೇ ನವಾಜರ ಉರುಸನ್ನು ಒಮ್ಮೆ ನೆನೆಯಿರಿ. ಗೋರಿಗೆ ಹೂವಿನ ಚಾದರ, ಗಂಧ, ಹರಕೆ ಹೊತ್ತ ಹಿಂದೂ ಮುಸ್ಲಿಂ ಸಂಸಾರಗಳು. ಈ ಗುಂಪುಗಳ ತಕ್ಕಡಿಯಲ್ಲಿ ಆ ಜಾತ್ರೆಯಲ್ಲಿರುವ ಮುಸ್ಲಿಮರೂ ದೇವದ್ರೋಹಿಗಳೇ. ಉತ್ತರ ಕರ್ನಾಟಕದ ಮೊಹರಮ್ಮಿನ ಅಲಾವಿಯನ್ನಂತೂ ಅವರಿಗೆ ತೋರಿಸುವುದೇ ಬೇಡ.

ಸೇರುವವರು ಯಾರು? 2016ರಲ್ಲಿ ಐಸಿಸ್‌ನ ಪ್ರವೇಶ ಅರ್ಜಿಗಳು ಸಾವಿರಗಟ್ಟಲೆ ಸೋರಿಹೋದವು. ಒಂದೊಂದರಲ್ಲೂ 23 ಕಲಂ: ಹೆಸರು, ಅಡ್ಡಹೆಸರು, ತಾಯಿಯ ಹೆಸರು, ರಕ್ತದ ಗುಂಪು, ಹಿಂದಿನ ಕೆಲಸ, ಶಿಫಾರಸು ಮಾಡಿದವರು, ಶರೀಅತ್ ಜ್ಞಾನದ ಮಟ್ಟ, ಕೊನೆಯಲ್ಲಿ ಸತ್ತ ದಿನ ಮತ್ತು ಜಾಗ ಬರೆಯಲು ಖಾಲಿ ಸಾಲು. ಗುಮಾಸ್ತಗಿರಿ ಅಚ್ಚುಕಟ್ಟು! ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಇವುಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಅರ್ಜಿಗಳನ್ನು ಪರಿಶೀಲಿಸಿದಾಗ, ಜ್ಞಾನದ ಕಲಮಿನಲ್ಲಿ ನೂರಕ್ಕೆ 70 ಮಂದಿಯ ಮುಂದೆ ‘ಪ್ರಾಥಮಿಕ’ ಎಂದಿತ್ತು. ‘ಉನ್ನತ’ ಎಂದಿದ್ದದ್ದು ನೂರಕ್ಕೆ ಬರೀ 5 ಮಂದಿಗೆ. ಹೆಚ್ಚು ಓದಿದ್ದೇವೆ ಎಂದವರು ಆತ್ಮಹತ್ಯಾ ದಾಳಿಗೆ ಹೆಸರು ಕೊಟ್ಟದ್ದು ಕಡಿಮೆ. ಹಾಗೆಂದು ಎಲ್ಲ ಅಜ್ಞಾನದ ಫಲ ಎಂದು ಸುಮ್ಮನಾಗಬೇಡಿ. ಅವರ ಮುಖಂಡ ಬಗ್ದಾದಿ ಕುರ್‌ಆನ್ ಅಧ್ಯಯನದಲ್ಲೇ ಡಾಕ್ಟರೇಟ್ ಮಾಡಿದವನು. ಓದಿದವನೂ ಕೊಲೆಗಾರನಾಗಬಲ್ಲ. ಅದಕ್ಕೇ 2014ರ ಸೆಪ್ಟೆಂಬರಿನಲ್ಲಿ 126 ಪಂಡಿತರು ಅವನಿಗೆ ಬರೆದ ಬಹಿರಂಗ ಪತ್ರದ 24 ಅಂಶಗಳು ಓದಿನ ಪ್ರಶ್ನೆಗಷ್ಟೇ ನಿಲ್ಲಲಿಲ್ಲ. ಮುಸ್ಲಿಮರೆಲ್ಲರ ಒಮ್ಮತವಿಲ್ಲದೆ ಖಿಲಾಫತ್ ಸಾರುವಂತಿಲ್ಲ ಎಂಬುದೂ ಇತ್ತು. ಮತ್ತೆ ವಕಾಲತ್ತಿನ ಮಾತಿಗೇ ಬಂದೆವು.

ರುಜು ಹಾಕಬೇಕಾದ ಸಾಮಾನ್ಯರು ಏನೆನ್ನುತ್ತಾರೆ? 2015ರಲ್ಲಿ ಅಮೆರಿಕದ ಪ್ಯೂ ಸಮೀಕ್ಷಾ ಸಂಸ್ಥೆ 11 ದೇಶಗಳಲ್ಲಿ ಕೇಳಿತು. ಲೆಬನಾನಿನಲ್ಲಿ ಹೆಚ್ಚೂಕಡಿಮೆ ಎಲ್ಲರೂ, ಜೋರ್ಡಾನಿನಲ್ಲಿ ನೂರಕ್ಕೆ 94 ಮಂದಿ ಐಸಿಸ್ ಬಗ್ಗೆ ಕೆಟ್ಟ ಅಭಿಪ್ರಾಯ ಹೇಳಿದರು. ಪಾಕಿಸ್ತಾನದಲ್ಲಿ 28 ಮಂದಿ ಮಾತ್ರ ವಿರೋಧ, 9 ಪರ, ಉಳಿದ 62 ಮಂದಿ ಏನೂ ಹೇಳಲಿಲ್ಲ. ಆ ಮೌನವನ್ನು ಮುಚ್ಚಿಡಬೇಕಾಗಿಲ್ಲ, ಹೆದರಿಕೆ ಇರುವ ಕಡೆ ಮೌನವೂ ಇರುತ್ತದೆ. ನಮ್ಮ ದೇಶದಲ್ಲಿ 2011ರ ಜನಗಣತಿಯಂತೆ ಮುಸ್ಲಿಮರು 17.2 ಕೋಟಿ. ಐಸಿಸ್ ನಂಟಿನ ಪ್ರಕರಣಗಳಲ್ಲಿ ಬಂಧಿತರಾದವರು 155 ಎಂದು ಕೇಂದ್ರ ಸರ್ಕಾರ 2019ರ ಜೂನಿನಲ್ಲಿ ಸಂಸತ್ತಿಗೆ ತಿಳಿಸಿತು. ಭಾಗಿಸಿ ನೋಡಿ. ಆದರೂ ಭಾರ ಬೀಳುವುದು 17 ಕೋಟಿಯ ಮೇಲೆ. ಭಟ್ಕಳ ಇದಕ್ಕೆ ಸಾಕ್ಷಿ. ಇಂಡಿಯನ್ ಮುಜಾಹಿದೀನ್‌ನ ಕೆಲವರು ಆ ಊರಿನವರು ಎಂದು ಗೊತ್ತಾದ ಮೇಲೆ ಪತ್ರಿಕೆಗಳು ಊರನ್ನೇ ಅವರ ಮನೆತನದ ಹೆಸರು ಮಾಡಿದವು. ಹಾಗೆ ಹೆಸರಾದ ಯಾಸೀನನ ಮನೆಹೆಸರು ಭಟ್ಕಳವಲ್ಲ, ಸಿದ್ದಿಬಾಪಾ. 2013ರ ಹೈದರಾಬಾದ್ ಸ್ಫೋಟಕ್ಕೆ 2016ರಲ್ಲಿ ಅವನಿಗೆ ಮರಣದಂಡನೆ ವಿಧಿಸಲಾಯಿತು. ಮಲ್ಲಿಗೆಗೆ, ಬಿರಿಯಾನಿಗೆ, ನವಾಯತ ಮುಸ್ಲಿಮರ ಹಳೆಯ ವ್ಯಾಪಾರಕ್ಕೆ ಹೆಸರಾದ ಊರಿನವರು ಪರ ಊರಿನಲ್ಲಿ ಬಾಡಿಗೆ ಮನೆ ಕೇಳುವಾಗ ಊರ ಹೆಸರು ಹೇಳಲು ಹಿಂದೆ ಮುಂದೆ ನೋಡಬೇಕಾಯಿತು.

‘ಅವರು ಯಾಕೆ ಖಂಡಿಸುವುದಿಲ್ಲ?’ ಎಂಬ ಪ್ರಶ್ನೆ ಕೊನೆಯಲ್ಲಿ ಬಂದೇ ಬರುತ್ತದೆ. 2008ರ ಫೆಬ್ರವರಿಯಲ್ಲಿ ದೇವಬಂದಿನಲ್ಲಿ ಧರ್ಮಪಂಡಿತರಾದ ಸಾವಿರಾರು ಉಲಮಾಗಳು ಸೇರಿ ಭಯೋತ್ಪಾದನೆ ಇಸ್ಲಾಮಿಗೆ ವಿರುದ್ಧ ಎಂದು ಸಾರಿದರು. ಮೇ 31ರಂದು ದಿಲ್ಲಿಯ ರಾಮಲೀಲಾ ಮೈದಾನದಲ್ಲಿ ದೇವಬಂದಿನ ಮದರಸಾ ದಾರುಲ್ ಉಲೂಮಿನ ಫತ್ವಾ ಓದಿದರು. ಇದು ಸರಿಯಾದ ಕ್ರಮದ ಫತ್ವಾ. ಆರು ತಿಂಗಳಿಗೆ ಮುಂಬೈ ದಾಳಿ, 166 ಜನ ಸತ್ತರು. ದಾಳಿಕೋರರಲ್ಲಿ ಒಂಬತ್ತು ಮಂದಿಯ ಹೆಣಗಳು ಜೆ.ಜೆ. ಆಸ್ಪತ್ರೆಯ ಶವಾಗಾರಕ್ಕೆ ಬಂದವು. ಹತ್ತಿರದ ಮರೀನ್ ಲೈನ್ಸ್‌ನ ಬಡಾ ಕಬರಸ್ತಾನವನ್ನು ನೋಡಿಕೊಳ್ಳುವ ಜಾಮಾ ಮಸೀದಿ ಟ್ರಸ್ಟ್, ಇಂಥ ಕೃತ್ಯ ಮಾಡಿದವರು ಮುಸ್ಲಿಮರಲ್ಲ, ಇಲ್ಲಿ ಜಾಗ ಕೊಡುವುದಿಲ್ಲ ಎಂದುಬಿಟ್ಟಿತು. ಡಿಸೆಂಬರಿನ ಬಕ್ರೀದ್ ನಮಾಜಿಗೆ ಎಷ್ಟೋ ಊರುಗಳಲ್ಲಿ ಜನ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಹೋದರು.

‘ಮುಸ್ಲಿಮರಲ್ಲ’ ಎಂಬ ಟ್ರಸ್ಟಿನ ಮಾತಿಗೆ, ಈಗಷ್ಟೇ ಹೇಳಿದ ಅಲ್ ಅಜ್‌ಹರ್ ತರ್ಕದಂತೆ, ಕಟ್ಟುನಿಟ್ಟಿನ ಮುಫ್ತಿಯೊಬ್ಬರು ಹುಬ್ಬು ಗಂಟಿಕ್ಕಬಹುದು. ಆದರೆ ಮುಂಬೈಯ ಬಹುಪಾಲು ಸುನ್ನಿಗಳು ಪಾಲಿಸುವ ಹನಫಿ ನ್ಯಾಯಪರಂಪರೆಯಲ್ಲೇ ಇನ್ನೊಂದು ನಿಯಮವಿದೆ: ಬಂಡೆದ್ದು ಕಾದಾಡುತ್ತ ಸತ್ತವನಿಗೂ ದಾರಿಗಳ್ಳತನ ಮಾಡುತ್ತ ಸತ್ತವನಿಗೂ ಜನಾಜಾ ನಮಾಜು ಇಲ್ಲ. ಅವನು ಮುಸ್ಲಿಮನಾಗಿಯೇ ಉಳಿದರೂ ಊರು ಅವನಿಗಾಗಿ ಸಾಲುಗಟ್ಟಿ ನಿಲ್ಲುವುದಿಲ್ಲ. ಹೆಣಗಳು ಒಂದು ವರ್ಷಕ್ಕೂ ಹೆಚ್ಚು ಕಾಲ ಶವಾಗಾರದ ಕಾವಲಿನಲ್ಲಿ ಬಿದ್ದಿದ್ದವು. 2010ರ ಜನವರಿಯಲ್ಲೇ ಗುಟ್ಟಾಗಿ ಹೂಳಿದ್ದಾಯಿತು ಎಂದು ಮಹಾರಾಷ್ಟ್ರದ ಗೃಹಸಚಿವ ಆರ್.ಆರ್. ಪಾಟೀಲ್ ಏಪ್ರಿಲಿನಲ್ಲಿ ಸದನಕ್ಕೆ ತಿಳಿಸಿದರು. ಎಲ್ಲಿ ಎಂದು ಹೇಳಲಿಲ್ಲ.